ಕಪ್ಪು ಕ್ಲಿಪ್ಪು ಎಲ್ಲಿತ್ತು?

“ಮೈನಸ್ ಇಲ್ಲ ಭಾವ! ನಾನೇ ಕಣ್ಣಾರೆ ನೋಡ್ಕೊಂಡು ಬಂದೆ. ಬರೀ ಐವತ್ತೆರಡು ಪಾಯಿಂಟ್ ಮೂರು. ಇನ್ನೇನು, ನೀವು ಬಚಾವ್!”

ಲಾಕಪ್ಪಿನ ಕಂಬಿ ಹಿಡಿದು ಹೀಗೆ ಕೂಗಿದಾಗ ಭಾವ ಕುಣಿದಾಡುತ್ತಾರೆ ಅಂತ ನಾನೇನೂ ಎಣಿಸಿರಲಿಲ್ಲ. ಒಂದು ಮುಗುಳ್ನಗೆಯಾದರೂ ಬಂದೀತು ಅಂದುಕೊಂಡಿದ್ದೆ. ಅವರು ಬೆಂಚಿನಿಂದ ಎದ್ದು ಕಂಬಿಯ ಹತ್ತಿರ ಬರುವಷ್ಟರಲ್ಲಿ ಮುಖ ಬಿಳಿಚಿಕೊಂಡಿತ್ತು.

“ಅಂಕಿ ಮುಂದೆ ಗೆರೆ ಇರಲಿಲ್ವಾ? ಸರಿಯಾಗಿ ನೋಡಿದ್ಯಾ?”

“ಇರಲಿಲ್ಲ. ಮೀಟರು ಇನ್ಸ್‌ಪೆಕ್ಟರ್ ಮೇಜಿನ ಮೇಲೇ ಇದೆ. ಯಾರೋ ಹೋಲ್ಡ್ ಬಟನ್ ಒತ್ತಿ ಅಂಕಿ ಹಾಗೇ ನಿಲ್ಲಿಸಿಬಿಟ್ಟಿದ್ದಾರೆ. ಹಳೇ ಮೀಟರಂತೆ, ತಾನಾಗಿ ಆಫ್ ಆಗಲ್ವಂತೆ. ಬ್ಯಾಟರಿ ರೂಮಿನ ಬೀರು ಮೇಲೆ ಇತ್ತು, ಬೆಂಕಿ ಅಲ್ಲಿಗೆ ಮುಟ್ಟಿಲ್ಲ.”

ಭಾವ ಕಣ್ಣು ಮುಚ್ಚಿಕೊಂಡರು.

ಮೂರು ದಿನದ ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನ ನೆಲಮಾಳಿಗೆಯಲ್ಲಿ ಹೊಸ ಬ್ಯಾಟರಿ ಸಾಲಿನ ಸ್ವಿಚ್ ಹಾಕಿದ ಕ್ಷಣದಲ್ಲೇ ಬೆಂಕಿ ಚಿಮ್ಮಿತ್ತು. ಎಲ್ಲರೂ ಅಜ್ಜ ಎಂದು ಕರೆಯುವ ಹಿರಿಯ ತಂತ್ರಜ್ಞ ಕೈ ಸುಟ್ಟುಕೊಂಡು, ಎರಡೂ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಆಸ್ಪತ್ರೆ ಸೇರಿದ್ದರು. ಕೇಬಲ್ಲುಗಳು ಉಲ್ಟಾ ಆಗಿದ್ದವು, ಹಿಂದಿನ ಸಂಜೆ ಅವನ್ನು ಕಟ್ಟಿದವರು ನನ್ನ ಭಾವ. ಅದಕ್ಕೂ ಮುಂಚೆ ಕಾರಿಡಾರಿನಲ್ಲಿ ಭಾವನಿಗೂ ಅಜ್ಜನಿಗೂ ಎಲ್ಲರೆದುರು ಜೋರು ಜಗಳವಾಗಿತ್ತು ಬೇರೆ. ಇವತ್ತು ಮಧ್ಯಾಹ್ನ ಅವರನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ಅಷ್ಟರೊಳಗೆ ಬೇರೆ ಕೈ ತೋರಿಸದಿದ್ದರೆ ಭಾವ ಜೈಲಿಗೆ.

“ನಮ್ಮಲ್ಲಿ ಮೈನಸ್ಸೇ ಸರಿ ಕಣಯ್ಯಾ,” ಎಂದರು ಭಾವ ಮೆಲ್ಲಗೆ. “ಎಕ್ಸ್‌ಚೇಂಜಿನಲ್ಲಿ ಎಲ್ಲಾ ಮೈನಸ್ಸೇ. ನಾನು ಸಂಜೆ ಅಳೆದಾಗ ಮೈನಸ್ ಐವತ್ತೆರಡು ಪಾಯಿಂಟ್ ಮೂರು ಇತ್ತು. ಗೆರೆ ಇಲ್ಲ ಅಂದ್ರೆ ಸಾಲು ಉಲ್ಟಾ ಅಂತ ಅರ್ಥ.”

“ಅಂದ್ರೆ ನಾನು ಖುಷಿಪಟ್ಟಿದ್ದು...”

“ನನ್ನ ಕುತ್ತಿಗೆಗೆ ಬಂದಿರೋ ಹಗ್ಗ ನೋಡಿ.”

ನಾನು ಪೆಚ್ಚಾದೆ. ನನ್ನ ತಪ್ಪೇನು ಹೇಳಿ! ಓಡಿಹೋದವರನ್ನು ಹುಡುಕುವುದು, ಮದುವೆ ಗಂಡಿನ ನಿಜವಾದ ಕೆಲಸ ಪತ್ತೆ ಮಾಡುವುದು, ಇದು ನನ್ನ ಕಸುಬು. ಕರೆಂಟಿನ ವಿಷಯದಲ್ಲಿ ಬಲ್ಬು ಬದಲಾಯಿಸುವುದಕ್ಕೂ ನೆರೆಮನೆಯವರನ್ನು ಕರೆಯುವ ಆಸಾಮಿ ನಾನು. ಪರೀಕ್ಷೆಯಲ್ಲಿ ಮೈನಸ್ ಅಂದರೆ ತಪ್ಪು ಉತ್ತರ, ನನ್ನ ಕನ್ನಡಕದಲ್ಲಿ ಮೈನಸ್ ಅಂದರೆ ಎದುರಿಗೆ ಬರುವ ಬಸ್ಸಿನ ಬೋರ್ಡು ಕಾಣದು. ಮೈನಸ್ ಇರುವುದೇ ಒಳ್ಳೆಯದು ಅನ್ನುವ ಜಾಗ ಈ ಲೋಕದಲ್ಲಿ ಇದೆ ಅಂತ ನನಗೆ ಯಾರು ಹೇಳಿದ್ದರು?

ಅಷ್ಟರಲ್ಲಿ ಭಾವ ತಟ್ಟನೆ ಕಣ್ಣು ಬಿಟ್ಟರು. “ಕಪ್ಪು ಕ್ಲಿಪ್ಪು ಎಲ್ಲಿತ್ತು?”

“ಯಾವ ಕಪ್ಪು ಕ್ಲಿಪ್ಪು?”

“ಮೀಟರಿಗೆ ಎರಡು ವೈರು ಇರುತ್ತಲ್ಲಪ್ಪ, ಕೆಂಪು ಒಂದು, ಕಪ್ಪು ಒಂದು. ಕಪ್ಪನ್ನ ಎಲ್ಲಿಗೆ ಕಚ್ಚಿಸಿದ್ರು?”

“ಎಲ್ಲಿಗೂ ಕಚ್ಚಿಸಿರಲಿಲ್ಲ. ವೈರು ಸುತ್ತಿಟ್ಟಿತ್ತು. ಎಂಟರ ಆಕಾರದಲ್ಲಿ ಮಡಚಿ, ನಡುವಿಗೆ ರಬ್ಬರ್ ಬ್ಯಾಂಡ್ ಹಾಕಿ. ತುಂಬಾ ಅಚ್ಚುಕಟ್ಟು ಭಾವ, ನಾನೇ ಮೆಚ್ಚಿಕೊಂಡೆ.”

ಭಾವ ನನ್ನನ್ನೇ ನೋಡಿದರು. ಆಮೇಲೆ ಹಿಂದಕ್ಕೆ ಹೋಗಿ ಬೆಂಚಿನ ಮೇಲೆ ಕುಸಿದು ಕೂತರು.

“ನಿಮ್ಮಕ್ಕ ಊಟ ಮಾಡಿದ್ಳಾ?”

“ಭಾವ, ನಾನು ಕೇಸಿನ ವಿಷಯ ಮಾತಾಡ್ತಿದೀನಿ.”

“ಅವಳಿಗೆ ಹೇಳು. ಇದಕ್ಕೆಲ್ಲ ತಲೆ ಹಾಕೋದು ಬೇಡ, ಎಕ್ಸ್‌ಚೇಂಜ್ ಕಡೆ ಸುಳಿಯೋದೂ ಬೇಡ. ನೀನೂ ಮನೆಗೆ ಹೋಗು.”

“ಅಲ್ಲಾ, ಮಧ್ಯಾಹ್ನ...”

“ಹೋಗು ಅಂದೆ.”

ಗೋಡೆಯ ಕಡೆ ತಿರುಗಿಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಇವರನ್ನು ಬಿಡಿಸುವುದಕ್ಕೆ ಊಟ ನಿದ್ದೆ ಬಿಟ್ಟು ಓಡಾಡುತ್ತಿರುವವನು ನಾನು, ಇವರು ನನಗೇ ಬೆನ್ನು ತೋರಿಸುತ್ತಿದ್ದಾರೆ.

ಸಿಟ್ಟಿನಲ್ಲೇ ಅಕ್ಕನ ಗ್ಯಾರೇಜಿಗೆ ಹೋದೆ. ಗಾಡಿಗಳ ವೈರಿಂಗ್ ಕೆಲಸದಲ್ಲಿ ಅಕ್ಕನ ಕೈಗೆ ಆ ಬೀದಿಯಲ್ಲೇ ಎದುರಿಲ್ಲ. ಅಪ್ಪನಿಂದ ಕಲಿತ ವಿದ್ಯೆ. ಅಪ್ಪ ನನಗೂ ಕಲಿಸಲು ನೋಡಿ, ಎರಡೇ ದಿನಕ್ಕೆ ಕೈಮುಗಿದಿದ್ದರು. ಒಂದು ಹಳೇ ಕಾರಿನ ಬಾನೆಟ್ಟಿನೊಳಗೆ ಸೊಂಟದವರೆಗೂ ಇಳಿದಿದ್ದವಳು ನನ್ನ ದನಿ ಕೇಳಿ ಎದ್ದಳು. ಕಣ್ಣು ಊದಿಕೊಂಡಿತ್ತು. ಅತ್ತಿದ್ದಾಳೆ, ಅಳುತ್ತಲೇ ಕೆಲಸವನ್ನೂ ಮಾಡಿದ್ದಾಳೆ.

“ಏನಂದ್ರು ಅವರು?”

“ನೀನು ಊಟ ಮಾಡಿದ್ಯಾ ಅಂತ ಕೇಳಿದ್ರು. ಅಲ್ಲಿ ಮೀಟರಿನಲ್ಲಿ ಮೈನಸ್ ಬರಬೇಕಿತ್ತಂತೆ, ಬಂದಿಲ್ವಂತೆ. ನನಗೆ ತಲೆಬುಡ ಅರ್ಥ ಆಗಲಿಲ್ಲ.”

“ಮೈನಸ್ ಬರಬೇಕಿತ್ತಾ?” ಅಕ್ಕ ಕೈ ಒರೆಸುವುದನ್ನು ನಿಲ್ಲಿಸಿದಳು. “ಹಾಗಂದ್ರಾ? ಪಾಪ, ಒಳಗೆ ಕೂತು ಕೂತು ತಲೆ ಕೆಟ್ಟಿದೆ ಅವರಿಗೆ. ಮೈನಸ್ ಬಂತು ಅಂದ್ರೆ ಎಲ್ಲೋ ವೈರು ಅದಲುಬದಲಾಗಿದೆ ಅಂತ. ಚಿಕ್ಕ ಮಕ್ಕಳಿಗೂ ಗೊತ್ತು.”

“ನನಗೆ ಗೊತ್ತಿಲ್ಲ.”

“ನಿನ್ನ ವಿಷಯ ಬಿಡು. ಬಾ ಇಲ್ಲಿ.”

ಮೊಳೆಗೆ ನೇತುಹಾಕಿದ್ದ ಮೀಟರು ಇಳಿಸಿಕೊಂಡಳು. ಅದರ ವೈರಿನ ರಬ್ಬರ್ ಬ್ಯಾಂಡ್ ಬಿಚ್ಚಿ ಮಣಿಕಟ್ಟಿಗೆ ಹಾಕಿಕೊಂಡಳು. ಕಪ್ಪು ಕ್ಲಿಪ್ಪನ್ನು ಕಾರಿನ ಬ್ಯಾಟರಿಯ ಮೈನಸ್ ತುದಿಗೆ, ಕೆಂಪನ್ನು ಪ್ಲಸ್ಸಿಗೆ ಕಚ್ಚಿಸಿದಳು. ಹನ್ನೆರಡು ಪಾಯಿಂಟ್ ಆರು ಅಂತ ಬಂತು.

“ಈಗ ನೋಡು.” ಎರಡೂ ಕ್ಲಿಪ್ಪು ಅದಲು ಬದಲು ಮಾಡಿದಳು. ಅದೇ ಹನ್ನೆರಡು ಪಾಯಿಂಟ್ ಆರು, ಮುಂದೆ ಒಂದು ಸಣ್ಣ ಗೆರೆ.

“ಬ್ಯಾಟರಿ ಕೆಟ್ಟುಹೋಯ್ತಾ?”

“ನಿನ್ನ ತಲೆ! ಬ್ಯಾಟರಿ ಇದ್ದಹಾಗೇ ಇದೆ. ಕಪ್ಪು ಎಲ್ಲಿ ಕೂತಿದೆಯೋ ಅದನ್ನ ಮೀಟರು ಸೊನ್ನೆ ಅಂತ ಹಿಡ್ಕೊಳ್ಳುತ್ತೆ. ಕೆಂಪು ಅದಕ್ಕಿಂತ ಮೇಲಿದ್ಯಾ, ಕೆಳಗಿದ್ಯಾ, ಎಷ್ಟು, ಅಷ್ಟನ್ನೇ ಹೇಳುತ್ತೆ. ಅದಕ್ಕೇ ಕಪ್ಪನ್ನ ಯಾವಾಗಲೂ ಮೈನಸ್ಸಿಗೆ ಹಾಕಬೇಕು. ಗಾಡಿಯ ಬಾಡಿಯೇ ನಮಗೆ ನೆಲ, ನೆಲ ಅಂದ್ರೆ ಮೈನಸ್. ಅಪ್ಪ ಹೇಳಿಕೊಟ್ಟ ಮೊದಲನೇ ಪಾಠ ಅದು.”

ನಾನು ಮೀಟರನ್ನೇ ದಿಟ್ಟಿಸುತ್ತಾ ನಿಂತೆ. ಒಂದೇ ಬ್ಯಾಟರಿ, ಎರಡು ಉತ್ತರ, ಎರಡೂ ನಿಜ. ಪೊಲೀಸ್ ಠಾಣೆಯಲ್ಲಿ ಹೀಗೆ ಇಬ್ಬರು ಸಾಕ್ಷಿ ಹೇಳಿದರೆ ಒಬ್ಬನನ್ನು ಒಳಗೆ ಹಾಕುತ್ತಾರೆ. ಗೊಂದಲದ ನಡುವೆಯೇ ಒಂದು ಯೋಚನೆ ಹೊಳೆಯಿತು.

“ಅಕ್ಕಾ, ಹಾಗಾದ್ರೆ ಆ ಮೀಟರಿನಲ್ಲಿ ಗೆರೆ ಇಲ್ಲ ಅಂದ್ರೆ, ಭಾವ ಅಳೆದಿದ್ದೇ ಅಲ್ಲದೇ ಇರಬಹುದು! ಬೇರೆ ಯಾರೋ ಬಂದು ಕಪ್ಪನ್ನ ಬೇರೆ ಕಡೆ ಹಾಕಿ ಅಳೆದಿರಬಹುದು. ಅವನೇ ಕೇಬಲ್ಲೂ ಬದಲಾಯಿಸಿರಬಹುದು!”

ಅಕ್ಕ ಬಾನೆಟ್ಟಿನ ಅಂಚು ಹಿಡಿದುಕೊಂಡಳು. “ಆಮೇಲೆ ಯಾರೋ ಕೈ ಹಾಕಿದ್ದಾರೆ ಕಣೋ. ನಾನು ಮೊದಲಿನಿಂದ ಅದೇ ಹೇಳ್ತಿದೀನಿ. ಸಂಜೆ ಹೊತ್ತಿಗೆ ಎಲ್ಲಾ ಸರಿಯಾಗೇ ಇತ್ತು.”

“ಅಷ್ಟು ಖಡಾಖಂಡಿತವಾಗಿ ಹೇಗೆ ಹೇಳ್ತೀಯ?”

“ನನ್ನ ಗಂಡ ಅಲ್ವಾ, ನನಗೆ ಗೊತ್ತಿರಲ್ವಾ?” ದನಿ ಇಳಿಸಿದಳು. “ಒಂದು ಮಾತು. ಅವರು ಇಷ್ಟು ವರ್ಷ ಕಂಬ ಹತ್ತಿ ಲೈನ್ ಎಳೆದವರು. ಬ್ಯಾಟರಿ ರೂಮಿಗೆ ಬಂದು ಇನ್ನೂ ನಾಲ್ಕು ತಿಂಗಳು. ಅವರಿಗೆ ಈ ಕೆಲಸ ಹೊಸದು ಅಂತ ಎಲ್ಲೂ ಬಾಯಿ ಬಿಡಬೇಡ. ಮನೇಲಂತೂ ಕೆಲಸದ ಮಾತೇ ಇಲ್ಲ ನಮ್ಮಲ್ಲಿ. ಮದುವೆಯಾದ ಹೊಸದರಲ್ಲಿ ನಾನು ಏನೋ ಒಂದು ತಪ್ಪು ತೋರಿಸಿದೆ ಅಂತ ವಾರ ಪೂರ್ತಿ ಮುಖ ಊದಿಸ್ಕೊಂಡಿದ್ರು. ಅವತ್ತಿನಿಂದ ವೈರು ಅನ್ನೋ ಪದಾನೇ ಮನೆಯೊಳಗೆ ಬರಲ್ಲ. ಬೆಂಕಿ ಬೀಳೋ ಹಿಂದಿನ ಸಂಜೆ ಎಕ್ಸ್‌ಚೇಂಜಿಗೆ ಡಬ್ಬಿ ಕೊಡೋಕೆ ಹೋದಾಗ್ಲೂ ಅಷ್ಟೇ, ಬರೀ ಊಟದ ಮಾತು. ಚೆನ್ನಾಗೇ ನಗ್ತಾ ಇದ್ರು.”

ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಹೋಗಿ ಕೆನ್ನೆಗೆ ಮಸಿ ಬಳಿದುಕೊಂಡಳು. ಚಿಕ್ಕಂದಿನಲ್ಲಿ ನನ್ನ ಪಾಲಿನ ಪೆಟ್ಟನ್ನೆಲ್ಲ ತಾನು ತಿಂದವಳು ಇವಳು.

“ನೀನು ಎಕ್ಸ್‌ಚೇಂಜ್ ಕಡೆ ಬರೋದು ಬೇಡ ಅಂದ್ರು ಭಾವ.”

“ಅಂದ್ರೆ? ಅವರು ಅಲ್ಲಿ ಕೊಳೀತಿರಲಿ, ನಾನು ಇಲ್ಲಿ ಪ್ಲಗ್ ಉಜ್ಜುತ್ತಾ ಕೂತಿರಲಾ? ನಡಿ.”

ಎಕ್ಸ್‌ಚೇಂಜಿನ ಗೇಟಿನಲ್ಲಿ ಕಾವಲುಗಾರ ಅಕ್ಕನನ್ನು ನೋಡಿ ಎದ್ದು ನಿಂತ. “ಸಾಹೇಬ್ರು ಹೇಗಿದಾರಕ್ಕಾ?” ಅಂತ ಕೇಳಿ, ಅವಳು ತಲೆ ತಗ್ಗಿಸಿದ್ದನ್ನು ನೋಡಿ ತಾನೂ ತಗ್ಗಿಸಿದ. ಅವನನ್ನು ಪಕ್ಕಕ್ಕೆ ಕರೆದು ಕೇಳಿದೆ.

“ಆ ಸಂಜೆ ಒಳಗೆ ಯಾರ್ಯಾರು ಹೋದ್ರು?”

“ಹೊರಗಿನವರು ಯಾರೂ ಹೋಗಿಲ್ಲ ಸಾರ್. ಆ ಬ್ಯಾಟರಿ ಕಂಪನಿ ಫಿಟ್ಟರ್ ಒಬ್ಬ ಬಿಟ್ಟರೆ. ಅವನೂ ಕೂಗಾಡಿಕೊಂಡು ಹೋದ.”

“ಯಾರ ಮೇಲೆ?”

“ನಿಮ್ಮ ಭಾವನ ಮೇಲೇ. ಎರಡು ಸೆಲ್ ಸೋರ್ತಿದೆ, ವಾಪಸ್ ತಗೊಂಡು ಹೋಗು ಅಂದ್ರಂತೆ. ನೋಡ್ಕೋತೀನಿ ಅಂದ ಇವನು.”

ನನಗೆ ಇಷ್ಟೇ ಸಾಕಾಗಿತ್ತು. ಆ ಫಿಟ್ಟರು ಇವತ್ತು ಸುಟ್ಟ ಬ್ಯಾಟರಿಗಳನ್ನು ಎತ್ತಿಸಲು ಬಂದು ಕೆಳಗೇ ಇದ್ದಾನೆ ಅಂತಲೂ ಕಾವಲುಗಾರ ಹೇಳಿದ. ಅಕ್ಕ ಮೇಲಿನ ಆಫೀಸಿನಿಂದ ಆಸ್ಪತ್ರೆಗೆ ಫೋನ್ ಮಾಡಿ ಅಜ್ಜನ ಕಣ್ಣಿನ ಸುದ್ದಿ ತಿಳಿದು ಬರುತ್ತೇನೆ ಎಂದು ಹೋದಳು. ನಾನು ಇಂಜಿನಿಯರಮ್ಮನ ಜೊತೆ ಲಿಫ್ಟ್ ಹತ್ತಿದೆ. ಆಕೆ ಎಕ್ಸ್‌ಚೇಂಜಿನ ಮುಖ್ಯಸ್ಥೆ. ಮಾತು ಕಡಿಮೆ, ನೋಟ ಜಾಸ್ತಿ.

ಆಕೆ ಒತ್ತಿದ ಗುಂಡಿಯ ಮೇಲೆ ಮೈನಸ್ ಒಂದು ಅಂತ ಬರೆದಿತ್ತು.

“ಇಲ್ಲೂ ಮೈನಸ್ಸಾ!” ಅಂತ ಬಾಯಿ ತಪ್ಪಿ ಅಂದೆ. “ಮೇಡಂ, ಒಂದು ದಡ್ಡ ಪ್ರಶ್ನೆ. ಏನೂ ಇಲ್ಲ ಅಂದ್ರೆ ಸೊನ್ನೆ. ಸೊನ್ನೆಗಿಂತ ಕಡಿಮೆ ವೋಲ್ಟೇಜ್ ಅಂದ್ರೆ ಏನು? ಏನೂ ಇಲ್ಲದೇ ಇರೋದಕ್ಕಿಂತ ಕಡಿಮೆ ಇರೋದು ಹೇಗೆ?”

“ನಾವು ಈಗ ಹೋಗ್ತಿರೋ ಮಹಡಿ ಇದೆಯೋ ಇಲ್ವೋ?”

“ಇದೆ.”

“ಮತ್ತೆ ಮೈನಸ್ ಒಂದು ಅಂತ ಬರೆದಿದ್ದಾರಲ್ಲ?”

“ಅದು ರಸ್ತೆಗಿಂತ ಕೆಳಗಿದೆ ಅಂತ.”

“ಹಾಂ. ರಸ್ತೆಯನ್ನ ಸೊನ್ನೆ ಅಂತ ಕರೆದೋರು ನಾವು. ಕೆಳಗಿನಿಂದ ಎಣಿಸಿದ್ರೆ ನೆಲಮಾಳಿಗೆ ಸೊನ್ನೆ, ರಸ್ತೆ ಒಂದು. ಹೆಸರು ಬದಲಾಗುತ್ತೆ, ಹತ್ತೋ ಮೆಟ್ಟಿಲು ಅಷ್ಟೇ ಇರುತ್ತೆ. ವೋಲ್ಟೇಜ್ ಅಂದ್ರೆ ಯಾವಾಗಲೂ ಎರಡು ಜಾಗದ ನಡುವಿನ ಅಂತರ. ಒಂದು ಜಾಗ ತೋರಿಸಿ ಇಲ್ಲಿ ಎಷ್ಟು ಅಂತ ಯಾರಾದ್ರೂ ಕೇಳಿದ್ರೆ, ಎಲ್ಲಿಂದ ಅಂತ ನಾವು ತಿರುಗಿ ಕೇಳಬೇಕು.”

“ಹಾಗಾದ್ರೆ ಮೈನಸ್ ಅಂದ್ರೆ ಬಲ ಕಡಿಮೆ ಅಂತಲ್ಲ.”

“ಅಜ್ಜನ ಕೈ ನೋಡಿದ್ರಾ ನೀವು?”

ಲಿಫ್ಟಿನ ಬಾಗಿಲು ತೆರೆದಾಗ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಹೊಡೆಯಿತು. ಮೊದಲನೇ ಕೋಣೆಯ ಒಂದು ಗೋಡೆ ಛಾವಣಿಯವರೆಗೂ ಕಪ್ಪಾಗಿತ್ತು. ಎರಡನೇ ಕೋಣೆಗೆ ಏನೂ ಆಗಿರಲಿಲ್ಲ. ಅಲ್ಲಿ ಹಳೇ ಬ್ಯಾಟರಿ ಸಾಲು ಸಣ್ಣಗೆ ಗುಂಯ್ಗುಡುವ ಯಂತ್ರಗಳ ಪಕ್ಕದಲ್ಲಿ ನಿಂತಿತ್ತು. ಗೋಡೆಯುದ್ದಕ್ಕೂ ಅಂಗೈ ಅಗಲದ ತಾಮ್ರದ ಪಟ್ಟಿ.

“ನಮ್ಮ ಸೊನ್ನೆ ಇದು,” ಎಂದು ಇಂಜಿನಿಯರಮ್ಮ ಪಟ್ಟಿಯನ್ನು ಮುಟ್ಟಿದರು. “ಇದರ ಕೊನೆ ನೆಲದಲ್ಲಿ ಹೂತಿದೆ. ಬ್ಯಾಟರಿ ಸಾಲಿನ ಪ್ಲಸ್ ತುದಿಯನ್ನ ಇದಕ್ಕೆ ಕಟ್ತೀವಿ.”

“ಪ್ಲಸ್ಸನ್ನಾ? ನೆಲಕ್ಕೆ ಕಟ್ಟಬೇಕಾದ್ದು ಮೈನಸ್ ಅಂತ ಕೇಳಿದ್ದೆ.”

“ಗಾಡಿಗಳಲ್ಲಿ ಹಾಗೆ. ಟೆಲಿಫೋನಿನಲ್ಲಿ ಹಳೇ ಕಾಲದಿಂದ ಹೀಗೆ. ನಮ್ಮ ತಂತಿ ಹೋಗೋದು ತೇವದ ಮಣ್ಣಿನೊಳಗೆ. ಸುತ್ತಲಿನ ಮಣ್ಣಿಗಿಂತ ತಂತಿ ಪ್ಲಸ್ ಇದ್ರೆ ತಾಮ್ರ ಬೇಗ ಸವೆದುಹೋಗುತ್ತೆ, ಮೈನಸ್ ಇದ್ರೆ ಬಾಳುತ್ತೆ. ಅದಕ್ಕೇ ಪ್ಲಸ್ಸನ್ನ ಸೊನ್ನೆ ಮಾಡಿ, ಉಳಿದಿದ್ದನ್ನೆಲ್ಲ ಅದರ ಕೆಳಗಿಟ್ಟಿದ್ದಾರೆ.”

“ಉಲ್ಟಾ ಕಟ್ಟಿದ್ರೆ ಅಷ್ಟು ದೊಡ್ಡ ಬೆಂಕಿ ಯಾಕೆ? ಎರಡು ಸಾಲಿನದ್ದೂ ಐವತ್ತೆರಡೇ ಅಲ್ವಾ?”

“ಹಳೇ ಸಾಲು ನೆಲಕ್ಕಿಂತ ಸುಮಾರು ಐವತ್ತೆರಡು ಕೆಳಗೆ. ಹೊಸದೂ ಅಷ್ಟೇ ಕೆಳಗಿದ್ರೆ ಎರಡೂ ಒಂದೇ ಮಟ್ಟ, ಸ್ವಿಚ್ ಹಾಕಿದ್ರೆ ಗೊತ್ತೇ ಆಗಲ್ಲ. ಉಲ್ಟಾ ಕಟ್ಟಿದ್ರೆ ಹೊಸದು ಐವತ್ತೆರಡು ಮೇಲೆ. ನಡುವೆ ಸುಮಾರು ನೂರ ನಾಲ್ಕರ ಅಂತರ, ತಡೆಯೋಕೆ ಏನೂ ಇಲ್ಲ. ಅಜ್ಜ ಒಮ್ಮೆ ಅಳೆದು ನೋಡಿದ್ರೆ ಸಾಕಿತ್ತು. ನಿಮ್ಮ ಭಾವ ಅಳೆದಾಗಿದೆ ಅಂದಿದ್ದಕ್ಕೆ ನಂಬಿ ಹಾಕಿಬಿಟ್ರು. ಜಗಳ ಆಡಿದ್ರೂ ನಂಬಿಕೆ ಇತ್ತು ಅವರಿಗೆ.”

“ಮೀಟರಿನಲ್ಲಿ ಗೆರೆ ಇರಲಿಲ್ಲ. ಕಪ್ಪನ್ನ ಬ್ಯಾಟರಿಯ ಮೈನಸ್ ತುದಿಗೇ ಹಾಕಿ ಅಳೆದ್ರೆ ಹಾಗೆ ಬರುತ್ತಾ?”

ಆಕೆ ನನ್ನನ್ನು ಮೊದಲ ಸಲ ಮನುಷ್ಯನಂತೆ ನೋಡಿದರು. “ಬರುತ್ತೆ. ಆದ್ರೆ ಇಲ್ಲಿಯವರ ಕೈ ಹಾಗೆ ಹೋಗಲ್ಲ. ನಮ್ಮವರು ಕಣ್ಣು ಮುಚ್ಚಿಕೊಂಡು ಕಪ್ಪನ್ನ ಈ ಪಟ್ಟಿಗೇ ಹಾಕ್ತಾರೆ. ಮೈನಸ್ಸಿಗೆ ಹಾಕಿದ್ರೆ ಅದು ಬೇರೆ ಕಡೆ ಕಲಿತ ಕೈ.”

ಬೇರೆ ಕಡೆ ಕಲಿತ ಕೈ! ಗಾಡಿಯ ಬ್ಯಾಟರಿಗಳನ್ನೂ ಮಾರುವ ಕಂಪನಿಯ ಫಿಟ್ಟರು ಪಕ್ಕದ ಕೋಣೆಯಲ್ಲೇ ಇದ್ದ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅವನನ್ನು ಕರೆಸಿದೆ.

ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ ಸಣಕಲ ಆಸಾಮಿ. ಬಂದವನು ನನ್ನನ್ನು ಬಿಟ್ಟ ಬಾಯಿ ಮುಚ್ಚದೆ ನೋಡಿದ.

“ಸ್ವಲ್ಪ ಈ ಸಾಲಿನ ವೋಲ್ಟೇಜ್ ನೋಡಿ ಹೇಳಪ್ಪಾ.”

“ಯಾಕೆ ಸಾರ್?”

“ಸುಮ್ಮನೆ. ಕಲಿಯೋಣ ಅಂತ.”

ಇಂಜಿನಿಯರಮ್ಮ ತಮ್ಮ ಮೀಟರು ಕೊಟ್ಟರು. ನಾನು ಅವನ ಎಡಗೈಯನ್ನೇ ನೋಡುತ್ತಿದ್ದೆ. ಅವನು ನನ್ನ ಮುಖ ನೋಡುತ್ತಲೇ, ಕೈಯನ್ನು ಹಿಂದಕ್ಕೆ ಚಾಚಿ, ಕಪ್ಪು ಕ್ಲಿಪ್ಪನ್ನು ತಾಮ್ರದ ಪಟ್ಟಿಗೆ ಕಚ್ಚಿಸಿದ. ಕೆಂಪನ್ನು ಬ್ಯಾಟರಿಯ ಮೈನಸ್ ತುದಿಗೆ ಇಟ್ಟ.

“ಮೈನಸ್ ಐವತ್ಮೂರು ಪಾಯಿಂಟ್ ಒಂಬತ್ತು. ಸಾಕಾ?”

ನನ್ನ ಲೆಕ್ಕವೆಲ್ಲ ಅಲ್ಲೇ ಮಗುಚಿಬಿತ್ತು.

“ಕಪ್ಪನ್ನ ಅಲ್ಲಿಗೆ ಯಾಕೆ ಹಾಕಿದೆ?”

“ಮತ್ತೆಲ್ಲಿಗೆ ಹಾಕ್ಲಿ ಸಾರ್? ನಿಮ್ಮ ಮೂಗಿಗಾ?”

“ಹುಷಾರ್! ನೀನು ಗಾಡಿ ಬ್ಯಾಟರಿ ಮಾಡೋನಲ್ವಾ?”

“ಕಂಪನಿ ಮಾಡುತ್ತೆ, ನಾನಲ್ಲ. ಹುಟ್ಟಿದಾಗಿನಿಂದ ಎಕ್ಸ್‌ಚೇಂಜ್ ಕೆಲಸವೇ ನಂದು.”

“ಭಾವನಿಗೆ ನೋಡ್ಕೋತೀನಿ ಅಂದಿದ್ದೆ ತಾನೇ? ಕೇಬಲ್ ಬದಲಾಯಿಸಿದೆ ತಾನೇ?”

ಅವನ ಕಣ್ಣು ಕೆಂಪಾಯಿತು. “ಅಂದಿದ್ದೆ. ಸಿಟ್ಟಿನಲ್ಲಿ ಯಾರು ಏನು ಅನ್ನಲ್ಲ? ಅಜ್ಜ ನನಗೆ ಕೆಲಸ ಹೇಳಿಕೊಟ್ಟೋರು ಸಾರ್. ಅವರ ಕಣ್ಣು ನಾನು ತೆಗೀತೀನಾ? ನಾನು ಹೋದಾಗ ನಿಮ್ಮ ಭಾವ ಇನ್ನೂ ಕೇಬಲ್ಲೇ ಕಟ್ಟಿರಲಿಲ್ಲ. ಮೇಡಂ ಗಾಡಿಯಲ್ಲೇ ಹೋದೆ, ಕೇಳಿ ಅವರನ್ನ.”

ಇಂಜಿನಿಯರಮ್ಮ ಹೌದೆಂದು ತಲೆಯಾಡಿಸಿದರು. “ನಾನೇ ಅವರ ಕಂಪನಿ ಡಿಪೋಗೆ ಬಿಟ್ಟೆ.”

ಫಿಟ್ಟರು ಮೀಟರನ್ನು ಬ್ಯಾಟರಿಯ ಮೇಲೆ ಇಟ್ಟು ಹೋದ. ಹೋಗುವಾಗ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡದ್ದನ್ನು ನೋಡಿ ನನಗೇ ನಾಚಿಕೆಯಾಯಿತು. ಮತ್ತೆ ಮೊದಲಿದ್ದಲ್ಲಿಗೇ ಬಂದು ನಿಂತಿದ್ದೆ. ಹೊರಗಿನವರು ಯಾರೂ ಬಂದಿಲ್ಲ, ಒಳಗಿನವರ ಕೈ ಹಾಗೆ ಹೋಗುವುದಿಲ್ಲ. ಹಾಗಾದರೆ ಆ ಮೀಟರು ಹಿಡಿದವರು ಆಕಾಶದಿಂದ ಇಳಿದರೇ?

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಅಕ್ಕ ಇಳಿದು ಬಂದಳು. ಮುಖ ಸ್ವಲ್ಪ ಗೆಲುವಾಗಿತ್ತು.

“ಒಂದು ಕಣ್ಣಂತೂ ಉಳಿಯುತ್ತಂತೆ ಕಣೋ! ಇನ್ನೊಂದರ ವಿಷಯ ನಾಳೆ ಹೇಳ್ತಾರಂತೆ. ಏನಾಯ್ತು ಇಲ್ಲಿ? ಸಿಕ್ಕಿದ್ನಾ?”

“ಇಲ್ಲ. ಅವನಲ್ಲ.”

“ಅವನಲ್ಲದೇ ಇನ್ಯಾರು? ಏನು ಅಳೆದ? ಕೊಡಿಲ್ಲಿ, ನಾನೂ ನೋಡ್ತೀನಿ.”

ನಾನು ತಡೆಯಲಿಲ್ಲ, ತಡೆಯಲು ಕಾರಣವೂ ತೋಚಲಿಲ್ಲ. ಅಕ್ಕ ಮೀಟರು ಎತ್ತಿಕೊಂಡು ಪಟ್ಟಿಯಿಂದ ಕಪ್ಪು ಕ್ಲಿಪ್ಪನ್ನು ಕಿತ್ತಳು. ಬ್ಯಾಟರಿಯ ಮೈನಸ್ ತುದಿ ಹುಡುಕಿ ಅದಕ್ಕೆ ಕಚ್ಚಿಸಿದಳು. ಕೆಂಪನ್ನು ಪ್ಲಸ್ಸಿಗೆ ಇಟ್ಟಳು. ಹೆಬ್ಬೆರಳು ತಾನಾಗಿ ಹೋಲ್ಡ್ ಬಟನ್ ಒತ್ತಿತು.

ಐವತ್ಮೂರು ಪಾಯಿಂಟ್ ಒಂಬತ್ತು. ಗೆರೆ ಇರಲಿಲ್ಲ.

ನಾನು ಅಂಕಿಯಿಂದ ಕಣ್ಣೆತ್ತಿ ಅವಳ ಮುಖ ನೋಡಿದೆ. ಅಕ್ಕ ಅದನ್ನು ಗಮನಿಸಲಿಲ್ಲ. ಅವಳ ಕಣ್ಣು ಬ್ಯಾಟರಿಯ ಪ್ಲಸ್ ತುದಿಯಿಂದ ಹೊರಟ ದಪ್ಪ ಕೇಬಲ್ಲನ್ನು ಹಿಂಬಾಲಿಸುತ್ತಾ ತಾಮ್ರದ ಪಟ್ಟಿಯ ಬೋಲ್ಟಿನವರೆಗೂ ಹೋಯಿತು. ಹುಬ್ಬು ಗಂಟಿಕ್ಕಿತು.

“ಅಯ್ಯೋ, ಇಲ್ಲೂ ಉಲ್ಟಾನೇ ಕಟ್ಟಿದಾರಲ್ಲೋ! ಪ್ಲಸ್ಸನ್ನ ತಗೊಂಡು ಹೋಗಿ ನೆಲಕ್ಕೆ ಕೊಟ್ಟಿದಾರೆ. ಅವತ್ತು ಅವರೂ ಹೀಗೇ ಮಾಡಿ ಮೇಲೆ ಹೋಗಿದ್ರು, ನಾನೇ—”

ಅಲ್ಲಿಗೆ ನಿಂತಳು. ಹೇಳಬಾರದ್ದನ್ನು ಹೇಳಿಬಿಟ್ಟೆ, ಗಂಡನ ತಪ್ಪನ್ನು ಎಲ್ಲರೆದುರು ಹೊರಹಾಕಿಬಿಟ್ಟೆ ಎಂಬಂತೆ ತುಟಿ ಕಚ್ಚಿಕೊಂಡಳು. ಇಷ್ಟು ದಿನ ಅವಳು ಮುಚ್ಚಿಟ್ಟಿದ್ದು ಅದನ್ನೇ ಅಂತ ನನಗೆ ಆಗ ಅರ್ಥವಾಯಿತು. ಗಂಡ ಎಡವಿದ್ದಾರೆ, ತಾನು ಸರಿಮಾಡಿದ್ದೇನೆ, ಬಾಯಿಬಿಟ್ಟರೆ ಅವರ ಕೆಲಸ ಹೋಗುತ್ತದೆ.

ಇಂಜಿನಿಯರಮ್ಮನಿಗೆ ಇದೊಂದೂ ಗೊತ್ತಿರಲಿಲ್ಲ. ಆಕೆ ಸಮಾಧಾನದ ದನಿಯಲ್ಲಿ ಹೇಳಿದರು, “ಉಲ್ಟಾ ಅಲ್ಲಮ್ಮಾ. ನಮ್ಮಲ್ಲಿ ಅದೇ ಸರಿ. ಪ್ಲಸ್ಸೇ ನೆಲಕ್ಕೆ. ಈ ಕಟ್ಟಡ ಎದ್ದಾಗಿನಿಂದ ಹಾಗೇ ಇದೆ.”

“ಪ್ಲಸ್ಸೇ...?”

“ಹೌದು.”

“ಹಾಗಾದ್ರೆ ಅವರು ಕಟ್ಟಿದ್ದು...”

“ನಿಮ್ಮ ಯಜಮಾನ್ರು ಪ್ಲಸ್ಸನ್ನ ನೆಲಕ್ಕೆ ಕಟ್ಟಿದ್ದೇ ನಿಜ ಆಗಿದ್ರೆ, ಅವರದ್ದು ತಪ್ಪಿಲ್ಲ.”

ಅಕ್ಕ ಎರಡೂ ಕ್ಲಿಪ್ಪು ಬಿಡಿಸಿದಳು. ಕೆಲಸದ ರೂಢಿ ಮಾತ್ರ ನಿಲ್ಲಲಿಲ್ಲ. ವೈರನ್ನು ಎಂಟರ ಆಕಾರದಲ್ಲಿ ಮಡಚಿದಳು, ಮಣಿಕಟ್ಟಿನಿಂದ ರಬ್ಬರ್ ಬ್ಯಾಂಡ್ ತೆಗೆದು ನಡುವಿಗೆ ಹಾಕಿದಳು. ಹಾಕಿದ ಮೇಲೆ ಅದನ್ನೇ ನೋಡುತ್ತಾ ನಿಂತಳು. ಮಸಿ ಹತ್ತಿದ್ದ ಕೆನ್ನೆ ಬೂದಿಯಂತೆ ಬಿಳಿಚಿತು.

ಡಬ್ಬಿ ಕೊಡಲು ಹೋದ ಸಂಜೆ. ಹೊರಗಿನವರು ಯಾರೂ ಬಂದಿಲ್ಲ ಎಂದ, ಅಕ್ಕನನ್ನು ಮನೆಯವಳೆಂದೇ ಎಣಿಸಿದ್ದ ಕಾವಲುಗಾರ. ಎಂಟರ ಆಕಾರ ಎಂದ ಕೂಡಲೇ ಗೋಡೆಗೆ ತಿರುಗಿದ ಭಾವ. ಅವರಿಗೆ ಬೆಳಿಗ್ಗೆಯೇ ತಿಳಿದಿತ್ತು. ಪತ್ತೇದಾರ ಅಂತ ಬೋರ್ಡು ಹಾಕಿಕೊಂಡ ನನಗೆ ಮಾತ್ರ ತಿಳಿಯಲಿಲ್ಲ.

“ಅಕ್ಕಾ,” ಎಂದೆ.

ಲಿಫ್ಟಿನ ಬಾಗಿಲು ಸರಿಯಿತು. ಇನ್ಸ್‌ಪೆಕ್ಟರು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಬಂದರು. ಅಕ್ಕನನ್ನು ನೋಡಿ ಒಂದು ಕ್ಷಣ ಹಿಂಜರಿದರು.

“ನೀವೂ ಇಲ್ಲೇ ಇದೀರಾ? ಒಳ್ಳೇದಾಯ್ತು, ಮನೆಯವರಿಗೆ ನಾನೇ ಹೇಳಬೇಕಿತ್ತು.” ನನ್ನ ಕಡೆ ತಿರುಗಿದರು. “ಇನ್ನು ನಿಮ್ಮ ತನಿಖೆ ಸಾಕು. ನಿಮ್ಮ ಭಾವ ಒಪ್ಪಿಕೊಂಡ. ಮೀಟರಿನಲ್ಲಿ ನೋಡಿದ್ದೂ ನಾನೇ, ಅಜ್ಜನ ಮೇಲಿನ ಸಿಟ್ಟಿಗೆ ಬೇಕಂತಲೇ ಉಲ್ಟಾ ಕಟ್ಟಿದ್ದೂ ನಾನೇ ಅಂತ ಸಹಿ ಹಾಕಿಕೊಟ್ಟಿದ್ದಾನೆ. ಈಗ ಕೋರ್ಟಿಗೆ ಕರ್ಕೊಂಡು ಹೋಗ್ತಿದೀವಿ.”

ಅಕ್ಕನ ಕೈಯಿಂದ ಮೀಟರು ಜಾರಿ ನೆಲಕ್ಕೆ ಬಿತ್ತು. ಅವಳು ಇನ್ಸ್‌ಪೆಕ್ಟರ ಕಡೆಗೆ ಒಂದು ಹೆಜ್ಜೆ ಇಟ್ಟು ಬಾಯಿ ತೆರೆದಳು.

ನಾನು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಹೇಳು ಅನ್ನುವುದಕ್ಕೆ ಹಿಡಿದೆನೋ, ಹೇಳಬೇಡ ಅನ್ನುವುದಕ್ಕೆ ಹಿಡಿದೆನೋ, ದೇವರಾಣೆ ನನಗೇ ಗೊತ್ತಿರಲಿಲ್ಲ.